ಎಂಬತ್ತು ಮೀಟರ್ ಹಗ್ಗ

ಹಗ್ಗದ ಒಂದು ತುದಿ ನಿಮ್ಮ ಕೈಯಲ್ಲಿದೆ. ಇನ್ನೊಂದು ತುದಿ ಹಿಡಿದ ಹುಡುಗ ಲಂಟಾನದ ಮೆಳೆಯೊಳಗೆ ನುಗ್ಗಿ ಆಗಲೇ ಕಣ್ಮರೆ. ಒಣಕಡ್ಡಿ ಮುರಿಯುವ ಸದ್ದು, ಮುಳ್ಳು ತರಚಿದಾಗ ಒಂದು ಬೈಗುಳ, ಆಮೇಲೆ 'ಬುಡಿ ಸಾ, ಇನ್ನೊಂದೀಟು ಬುಡಿ' ಎಂಬ ಕೂಗು. ನೀವು ಸಡಿಲಿಸುತ್ತೀರಿ. ನೈಲಾನ್ ಉಜ್ಜಿ ಅಂಗೈ ಬಿಸಿಯಾಗುತ್ತದೆ. ಹಗ್ಗ 80 ಮೀಟರ್ ನೆಟ್ಟಗೆ ಹೋಗಬೇಕು. ಅದರ ಗುಂಟ 5 ಮೀಟರ್ ಅಗಲದ ಪಟ್ಟಿ. ಆ ಪಟ್ಟಿಯೊಳಗೆ ನಿಂತ ಮರಗಳನ್ನೆಲ್ಲ ಎಣಿಸಬೇಕು, ಎದೆಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆಯಬೇಕು, ಲಂಟಾನದ ಕಾಂಡಗಳನ್ನೂ ಬಿಡುವಂತಿಲ್ಲ. ಕಾಗದದ ಮೇಲೆ ಇದು ಒಂದು ಗಂಟೆಯ ಕೆಲಸ. ಇಲ್ಲಿ, ಆಳೆತ್ತರದ ಮುಳ್ಳಿನ ನಡುವೆ, ಮಧ್ಯಾಹ್ನದವರೆಗೂ ಮುಗಿಯುವ ಲಕ್ಷಣವಿಲ್ಲ.

ಜನವರಿ. ಬಿಳಿಗಿರಿರಂಗನ ಬೆಟ್ಟದ ಎಲೆ ಉದುರುವ ಕಾಡು ತನ್ನ ಅರ್ಧ ಬಟ್ಟೆ ಕಳಚಿದೆ. ದಿಂಡಿಗದ ಬಿಳಿ ಬೊಡ್ಡೆ, ಮತ್ತಿಯ ಮೊಸಳೆ ಬೆನ್ನು, ಕಾಲ ಕೆಳಗೆ ತರಗು. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಬಸ್ಸು ಹತ್ತುವಾಗ ರೇಷ್ಮೆಗೂಡಿನ ಮೂಟೆಗಳ ವಾಸನೆ ಮೂಗಿಗೆ ಅಂಟಿತ್ತು. ಯಳಂದೂರಿನ ಬಳೆ ಮಂಟಪ ದಾಟಿ, ಗುಂಬಳ್ಳಿಯ ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ, ತಿರುವುಗಳನ್ನು ಹತ್ತುವಷ್ಟರಲ್ಲಿ ಗಾಳಿ ತಣ್ಣಗಾಗಿ ಆ ವಾಸನೆ ಕಳಚಿಕೊಂಡಿತು. ಈಗ ಮೂಗಿನ ತುಂಬ ಜಜ್ಜಿದ ಲಂಟಾನದ ಎಲೆಯ ಘಾಟು.

ನಿಮ್ಮ ಪಕ್ಕದಲ್ಲಿ ಹಿರಿಯರೊಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ. ತಲೆಗೆ ಟವೆಲು, ಕೈಯಲ್ಲಿ ಕತ್ತಿ, ಜೇಬಿನಲ್ಲಿ ಎಲೆಅಡಿಕೆಯ ಸಂಚಿ. ಹುಡುಗ ಅವರನ್ನು ತಾತ ಎನ್ನುತ್ತಾನೆ, ನೀವೂ ಹಾಗೇ ಕರೆಯುತ್ತಿದ್ದೀರಿ. ಹೆಸರು ಕೇಳಬೇಡಿ, ಈ ಬರಹದಲ್ಲಿ ಅವರಿಗೆ ಅದರ ಅಗತ್ಯವಿಲ್ಲ. ತಾತ ಹಗ್ಗದ ಕಡೆ ನೋಡುತ್ತಿಲ್ಲ. ಎದುರಿನ ನೆಲ್ಲಿಮರದ ನೆತ್ತಿ ನೋಡುತ್ತಿದ್ದಾರೆ. ಅಲ್ಲಿ ನೆಲ್ಲಿಯದಲ್ಲದ ದಪ್ಪ ಎಲೆಗಳ ಒಂದು ಗುಂಪು.

'ಉಪ್ಪಿಲು,' ಅನ್ನುತ್ತಾರೆ. 'ಈ ಮರ ಇನ್ನ ಬಾಳಾಕಿಲ್ಲ.'

ಊರಿನಲ್ಲಿ ನಾವು ಬದನಿಕೆ, ಬಂದಳಿಕೆ ಎನ್ನುವ ಪರಾವಲಂಬಿ ಅದು. ಹಕ್ಕಿಯೊಂದು ಅದರ ಹಣ್ಣು ತಿಂದು, ಅಂಟುಅಂಟಾದ ಬೀಜವನ್ನು ಮತ್ತೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆತು ತೊಗಟೆಯೊಳಕ್ಕೆ ಇಳಿದು ಮರದ ನೀರನ್ನು ಹೀರುತ್ತದೆ. ಮೊದಲು ಹಣ್ಣು ಕಡಿಮೆ, ಆಮೇಲೆ ಕೊಂಬೆ ಒಣಗು, ಕೊನೆಗೆ ಮರವೇ ಇಲ್ಲ.

ಹುಡುಗನ ಹಾಳೆಯಲ್ಲಿ ಜಾತಿ, ಸುತ್ತಳತೆ, ಎತ್ತರ ಎಂಬ ಮನೆಗಳಿವೆ. ಈಗ ಉಪ್ಪಿಲಿಗೂ ಒಂದು ಮನೆ ಇದೆ. ಆ ಮನೆ ತಾನಾಗಿ ಬಂದದ್ದಲ್ಲ.

ಈ ಬೆಟ್ಟವನ್ನು ಹೊರಗಿನವರು ಬರೆದುಕೊಳ್ಳಲು ಶುರುಮಾಡಿ ಬಹಳ ಕಾಲವಾಯಿತು. 1870ರ ದಶಕದಲ್ಲಿ ಇದೇ ಸೀಮೆಯಲ್ಲಿ ಆನೆ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್, ಕಾಡಿನೊಳಗೆ ಜಾಡು ಹಿಡಿಯಲು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರನ್ನೇ ನೆಚ್ಚಿದ್ದ. ಹೊನ್ನಮೇಟಿಯ ಕಾಫಿ ತೋಟದ ಆರ್.ಸಿ. ಮಾರಿಸ್ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಗೆ ಇಲ್ಲಿಂದ ಟಿಪ್ಪಣಿಗಳನ್ನು ಕಳಿಸುತ್ತಿದ್ದ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಈ ಬೆಟ್ಟಗಳನ್ನೂ ಹತ್ತಿದರು. ಪುಸ್ತಕದ ಮೇಲೆ ಉಳಿದದ್ದು ಅವರ ಹೆಸರುಗಳು. ಮುಂದೆ ನಡೆದು ದಾರಿ ತೋರಿಸಿದವರು ಬಹುಪಾಲು 'ನನ್ನ ಜಾಡುಗಾರ' ಎಂಬ ಮಾತಿನೊಳಗೇ ಕರಗಿಹೋದರು.

ಸಮುದ್ರದ ನಡುವಿನ ದ್ವೀಪಗಳ ಕತೆಯೂ ಇದೇ. ದೂರದ ವಿಜ್ಞಾನಿ ದೋಣಿಯಲ್ಲಿ ಬರುತ್ತಾನೆ, ಹವಳ ಎಣಿಸುತ್ತಾನೆ, ಮೀನು ಅಳೆಯುತ್ತಾನೆ, ಮಳೆಗಾಲಕ್ಕೆ ಮುಂಚೆ ಹೊರಟುಬಿಡುತ್ತಾನೆ. ಲಕ್ಷದ್ವೀಪದಲ್ಲಿ ಇದನ್ನು ಬೇರೆ ರೀತಿ ಮಾಡಿ ನೋಡಿದ್ದಾರೆ. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಜೊತೆ ಸೇರಿ, ಗಾಳದಲ್ಲಿ ಸೂರೆಮೀನು ಹಿಡಿಯುವ ಬೆಸ್ತರು ದಿನದ ಲೆಕ್ಕವನ್ನು ತಾವೇ ಪುಸ್ತಕಕ್ಕೆ ಬರೆಯುವ ಪದ್ಧತಿ ಅಲ್ಲಿ ನಡೆದಿದೆ. ಕಾಡಿನಲ್ಲೂ ಇದು ಆಗಿದೆ: ಕೋಸ್ಟರಿಕಾದಲ್ಲಿ ಡೇನಿಯಲ್ ಜಾನ್ಜೆನ್ ಎಂಬ ಪರಿಸರ ವಿಜ್ಞಾನಿ 1980ರ ದಶಕದ ಕೊನೆಯಲ್ಲಿ ಹಳ್ಳಿಯ ಹೆಂಗಸರು ಗಂಡಸರಿಗೆ ಕೀಟ ಹಿಡಿದು, ಸೂಜಿ ಚುಚ್ಚಿ, ವಿಂಗಡಿಸುವ ಕೆಲಸ ಕಲಿಸಿದ. ಕೊಳ್ಳೇಗಾಲ ಸೀಮೆಗೆ ಸಮುದ್ರವಿಲ್ಲ. ಆದರೆ ಸುಮಾರು 1,800 ಮೀಟರ್ ಎತ್ತರದವರೆಗೆ ಏಳುವ ಈ ಬೆಟ್ಟಸಾಲಿನ ನೆತ್ತಿಯಲ್ಲಿ, ಹುಲ್ಲಿನ ನಡುವೆ ನಡುಗಡ್ಡೆಗಳಂತೆ ನಿಂತ ಶೋಲಾ ಕಾಡುಗಳಿವೆ. ಸುತ್ತಲಿನ ಬಯಲಿನಿಂದ ಬೇರೆಯಾಗಿ ಪೋಡುಗಳೆಂಬ ಹಾಡಿಗಳಲ್ಲಿ ಬದುಕುವ ಸೋಲಿಗರಿದ್ದಾರೆ. ಪ್ರಶ್ನೆಯೂ ಅದೇ: ಇಲ್ಲಿನ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

'ಸಾ, ನಿಂತ್ಕಳಿ.'

ತಾತನ ದನಿ ತಗ್ಗಿದೆ. ನೀವು ನಿಂತಿರಿ. ಹುಡುಗನೂ ಒಳಗೆ ನಿಂತಿರಬೇಕು, ಹಗ್ಗ ಅಲುಗುತ್ತಿಲ್ಲ. ನಿಮಗೇನೂ ಕಾಣಿಸುವುದಿಲ್ಲ, ಕೇಳಿಸುವುದೂ ಇಲ್ಲ. ತಾತ ಮೂಗು ಎತ್ತಿ ಗಾಳಿ ಹಿಡಿಯುತ್ತಾರೆ. ಒಂದು ನಿಮಿಷದ ಮೇಲೆ ನಿಮ್ಮ ಮೂಗಿಗೂ ಬರುತ್ತದೆ, ಕೊಟ್ಟಿಗೆಯ ವಾಸನೆಯನ್ನು ಹೋಲುವ ಆದರೆ ಅದಕ್ಕಿಂತ ಹುಳಿಯಾದ ಏನೋ ಒಂದು. ಕೆಳಗಿನ ಹಳ್ಳದ ಬದಿ ಬಿದಿರು ಲಟಲಟ ಎನ್ನುತ್ತದೆ. ಆನೆ. ಒಂದೋ, ಮರಿ ಜೊತೆಗೆ ಎರಡೋ. ಲಂಟಾನದೊಳಗೆ ಸಿಕ್ಕಿಕೊಂಡವನಿಗೆ ಓಡಲು ದಾರಿಯಿಲ್ಲ ಎನ್ನುವುದು ನಿಮಗೆ ಈಗ ಹೊಳೆಯುತ್ತದೆ. ಈ ಗಿಡದ ಬಗ್ಗೆ ಬರೆದ ಪ್ರಬಂಧಗಳಲ್ಲಿ ಈ ಸಂಗತಿಗೆ ಸಿಗುವ ಜಾಗ ಕಡಿಮೆ. ಹುಡುಗ ಹಗ್ಗ ಅಲ್ಲೇ ಬಿಟ್ಟು, ಬಂದ ಕಿಂಡಿಯಲ್ಲೇ ಬಗ್ಗಿ ಹೊರಬರುತ್ತಾನೆ. ಮೂವರೂ ಬಂಡೆಯ ಮೇಲೆ ಹತ್ತಿ ಕೂರುತ್ತೀರಿ. ಕಾಯುವುದೂ ಈ ಕೆಲಸದ ಭಾಗ.

ಬಂಡೆಯ ಮೇಲೆ ಮಾತು ಬೆಂಕಿಯ ಕಡೆಗೆ ಹೊರಳುತ್ತದೆ.

ತಾತ ಹುಡುಗನಾಗಿದ್ದಾಗ ವರ್ಷವರ್ಷವೂ, ಇದೇ ತಿಂಗಳುಗಳಲ್ಲಿ, ಇಬ್ಬನಿ ಇನ್ನೂ ಪೂರ್ತಿ ಆರದಿರುವಾಗಲೇ ಕಾಡಿನ ನೆಲಕ್ಕೆ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ. ಮೊಣಕಾಲು ಮಟ್ಟಕ್ಕೆ ಉರಿದು, ಎಲೆ ಸುಟ್ಟು, ಸಂಜೆ ತಂಪಿಗೆ ತಾನೇ ಆರಿಹೋಗುವಂಥದ್ದು. ನಡೆಯಲು ದಾರಿ ಆಗುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು, ಉಪ್ಪಿಲು ಹತೋಟಿಯಲ್ಲಿರುತ್ತಿತ್ತು, ಲಂಟಾನದ ಮೊಳಕೆ ಸುಟ್ಟುಹೋಗುತ್ತಿತ್ತು ಎನ್ನುವುದು ತಾತನ ಲೆಕ್ಕ. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಸಾಯ, ಬೇಟೆ, ಬೆಂಕಿ ಮೂರೂ ಅಪರಾಧವಾದವು. ಪೋಡುಗಳನ್ನು ರಸ್ತೆ ಬದಿಗೆ ತಂದು ಕೂರಿಸಿದರು.

'ಈಗ ಬೆಂಕಿ ಬಿದ್ರೆ ನೆಲದಲ್ಲಿ ನಿಲ್ಲಾಕಿಲ್ಲ. ಲಂಟಾನ ಹಿಡ್ಕಂಡು ಮರದ ತಲೆಗಂಟ ಹತ್ತದ.'

ಇದನ್ನೇ ವಿಜ್ಞಾನಿಗಳು ಹೇಗೆ ಕೇಳಿಸಿಕೊಂಡರು ಎಂಬುದು ಈ ಬೆಟ್ಟದ ಅತ್ಯಂತ ಸ್ವಾರಸ್ಯದ ಪ್ರಸಂಗ ಎಂದು ನನಗನ್ನಿಸುತ್ತದೆ. 1996ರಲ್ಲಿ ಕಮಲ್ ಬಾವಾ ಅವರು ಕಟ್ಟಿದ ಅಶೋಕ ಪರಿಸರ ಸಂಶೋಧನಾ ಟ್ರಸ್ಟ್, ಎಲ್ಲರ ಬಾಯಲ್ಲಿ ಏಟ್ರಿ, ಶುರುವಿನಿಂದಲೂ ಇಲ್ಲಿ ಕೆಲಸ ಮಾಡುತ್ತಿದೆ. ಅದಕ್ಕೂ ಮುಂಚೆಯೇ ಬಾವಾ ಅವರ ಜೊತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಮತ್ತು, ಈಗಿನ ಓದುಗರಿಗೆ ಕಾದಂಬರಿಕಾರರೆಂದೇ ಹೆಚ್ಚು ಪರಿಚಿತರಾದ, ಕೆ.ಎನ್. ಗಣೇಶಯ್ಯ ಇಲ್ಲಿನ ಕಿರು ಅರಣ್ಯ ಉತ್ಪನ್ನಗಳ ಲೆಕ್ಕ ಹಿಡಿದಿದ್ದರು. 2005ರಲ್ಲಿ ಏಟ್ರಿಯ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ ಒಂದು ಊಹೆ ಮಂಡಿಸಿದರು: ಬೆಂಕಿ ಲಂಟಾನಕ್ಕೆ ಜಾಗ ಮಾಡಿಕೊಡುತ್ತದೆ, ಲಂಟಾನ ಮತ್ತೆ ಬೆಂಕಿಗೆ ಸೌದೆಯಾಗುತ್ತದೆ, ಹೀಗೆ ಒಂದನ್ನೊಂದು ಬೆಳೆಸುತ್ತವೆ. ಸಮಂಜಸವಾದ ಊಹೆಯೇ. ಆದರೆ ಪೋಡಿನ ಹಿರಿಯರು ಹೇಳುತ್ತಿದ್ದದ್ದು ಇದಕ್ಕೆ ತಿರುಗುಮುರುಗು. ಬೆಂಕಿ ನಿಂತದ್ದಕ್ಕೇ ಲಂಟಾನ ಹಬ್ಬಿತು ಎಂದು. ಆ ಇಬ್ಬರು ವಿಜ್ಞಾನಿಗಳ ದೊಡ್ಡತನ ಏನೆಂದರೆ, ಊಹೆ ಬರೆದ ಮೇಲೆ ಪೋಡಿಗೆ ಹೋಗಿ ಕೂತು ಕೇಳಿದರು. 2012ರಲ್ಲಿ ಇತರರೊಡನೆ ಸೇರಿ ಸೋಲಿಗರ ವಿವರಣೆಯನ್ನೇ ಮುಖ್ಯ ವಸ್ತುವಾಗಿಸಿ ಪ್ರಕಟಿಸಿದರು. ಉಪ್ಪಿಲಿನ ಬಗ್ಗೆ ಸೋಲಿಗರು ಹೇಳುವ ಬೆಂಕಿಯ ಮಾತು 2010ರಲ್ಲೇ ಬೇರೊಂದು ಪ್ರಬಂಧದಲ್ಲಿ ಅಚ್ಚಾಗಿತ್ತು.

ಈಗ ನಿಮ್ಮ ಕೈಯಲ್ಲಿರುವ ಹಗ್ಗದ ಅಳತೆಯೂ ಏಟ್ರಿಯ ಆ ಲಂಟಾನದ ಅಧ್ಯಯನದ್ದೇ. ಕಾಡಿನುದ್ದಕ್ಕೂ 134 ಕಡೆ ಇಂಥ ಪಟ್ಟಿಗಳನ್ನು ಎಳೆದು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಎಣಿಸಿದರು. ಮೊದಲ ಸಲ ನೂರಕ್ಕೆ 41 ಪಟ್ಟಿಗಳಲ್ಲಿ ಲಂಟಾನ ಇತ್ತು. ಹನ್ನೊಂದು ವರ್ಷದ ಮೇಲೆ 81ರಲ್ಲಿ. ಈ ಅಂಕಿ ಕೇಳಿದಾಗ ನೀವು ಬೆಚ್ಚುತ್ತೀರಿ. ತಾತ ಬೆಚ್ಚುವುದಿಲ್ಲ. ಅವರಿಗೆ ಅದು ಹಳೆಯ ಸುದ್ದಿ.

ಹಾಗಂತ ತಾತ ಹೇಳಿದ್ದೆಲ್ಲ ಸರಿ ಎಂದು ಒಪ್ಪಿಬಿಡುವುದೂ ಒಂದು ಸೋಮಾರಿತನ. ತರಗು ಬೆಂಕಿಯಿಂದ ಲಂಟಾನ ತಗ್ಗುತ್ತದೆಯೇ ಎಂದು ಗೊತ್ತಾಗಬೇಕಾದರೆ ಒಂದು ಪಟ್ಟಿಗೆ ಬೆಂಕಿ ಕೊಟ್ಟು, ಪಕ್ಕದ್ದನ್ನು ಹಾಗೇ ಬಿಟ್ಟು, ವರ್ಷಗಟ್ಟಲೆ ಎಣಿಸಬೇಕು. ಹುಲಿಧಾಮದೊಳಗೆ ಬೆಂಕಿಕಡ್ಡಿ ಗೀರುವುದೇ ಅಪರಾಧವಾಗಿರುವಾಗ ಆ ಪರೀಕ್ಷೆ ಸುಲಭವಲ್ಲ. ಪ್ರಶ್ನೆ ಸೋಲಿಗರದ್ದು, ಅಳತೆಯ ವಿದ್ಯೆ ಈಗ ಸೋಲಿಗರ ಹುಡುಗನಿಗೂ ಬರುತ್ತದೆ. ಅನುಮತಿ ಮಾತ್ರ ಇನ್ನೊಬ್ಬರ ಮೇಜಿನ ಮೇಲೆ. ತರಬೇತಿ ಶಿಬಿರಗಳ ವರದಿಯಲ್ಲಿ ಇಷ್ಟು ಜನರಿಗೆ ಜಿಪಿಎಸ್ ಕಲಿಸಿದೆವು, ಇಷ್ಟು ಜನರಿಗೆ ಫಾರಂ ತುಂಬುವುದು ಹೇಳಿಕೊಟ್ಟೆವು ಎಂದು ಬರೆಯುತ್ತಾರಲ್ಲ, ಅದು ಕೂಲಿಗೆ ಕಲಿಸಿದಂತಾಯಿತು. ಏನನ್ನು ಅಳೆಯಬೇಕು ಎಂದು ತೀರ್ಮಾನಿಸುವ ಜಾಗದಲ್ಲಿ ಕೂರಿಸಿದರೆ ಮಾತ್ರ ವಿದ್ಯೆ ಕೊಟ್ಟಂತೆ.

ಬಿದಿರಿನ ಸದ್ದು ದೂರವಾಗಿದೆ. ತಲೆಯ ಮೇಲೆಲ್ಲೋ ಒಂದು ಹದ್ದಿನ ಕೂಗು, ಅದರ ಬೆನ್ನಿಗೇ ಬೆಕ್ಕಿನ ಮಿಯಾಂವ್, ಮತ್ತೆ ಇನ್ಯಾವುದೋ ಹಕ್ಕಿಯ ಸಿಳ್ಳೆ. ನೀವು ಮೂರು ಪ್ರಾಣಿಗಳನ್ನು ಹುಡುಕುತ್ತ ಕತ್ತು ಹೊರಳಿಸುತ್ತೀರಿ. ಹುಡುಗ ನಗುತ್ತಾನೆ. ಬಾಲಕ್ಕೆ ಎರಡು ಚಮಚ ಕಟ್ಟಿಕೊಂಡ ಭೀಮರಾಜ ಒಂದೇ ಕೂತು ಎಲ್ಲರ ದನಿಯನ್ನೂ ಆಡುತ್ತಿದೆ. ಈ ಹಕ್ಕಿಯ ಅಣಕು ಹಾಡನ್ನು ಇದೇ ಬೆಟ್ಟದಲ್ಲಿ ಅಧ್ಯಯನ ಮಾಡಿದ ಸಮೀರಾ ಅಗ್ನಿಹೋತ್ರಿ, ಭಾಷಾವಿಜ್ಞಾನಿ ಔಂಗ್ ಸಿ ಜೊತೆ ಸೇರಿ ಸೋಲಿಗರ ಪಕ್ಷಿಜ್ಞಾನದ ಬಗ್ಗೆ 2012ರಲ್ಲಿ ಪ್ರಬಂಧ ಬರೆದರು. ಕೂಗಿನಿಂದಲೇ ಹಕ್ಕಿಯನ್ನು ಗುರುತಿಸುವವರ ಬಳಿ ದುರ್ಬೀನು ಹಿಡಿದವರು ಪಾಠ ಹೇಳಿಸಿಕೊಂಡದ್ದು ಹೀಗೆ.

ಕೆಲಸ ಮತ್ತೆ ಶುರುವಾಗುತ್ತದೆ. ಹುಡುಗ ಕೂಗುತ್ತಾನೆ, ನೀವು ಬರೆಯುತ್ತೀರಿ. 'ದಿಂಡಿಗ, ಅರವತ್ತೆರಡು. ಮತ್ತಿ, ನೂರ ನಾಕು. ನೆಲ್ಲಿ, ನಲವತ್ತು, ಉಪ್ಪಿಲು ಅದ.' ತಾತ ನಡುವೆ ತಿದ್ದುತ್ತಾರೆ: 'ಒಂದಲ್ಲ, ಎಲ್ಡು ಕಡೆ ಅದ, ಹಿಂದ್ಗಡೆ ನೋಡು.' ಹುಡುಗ ಸುತ್ತಿ ಹೋಗಿ ನೋಡುತ್ತಾನೆ. ಇದೆ. ತಿದ್ದಿ ಬರೆದುಕೊಳ್ಳುತ್ತೀರಿ. ಮರದಡಿ ಬಿದ್ದ ಒಂದು ಕಾಯಿ ಬಾಯಿಗೆ ಹಾಕಿಕೊಳ್ಳುತ್ತೀರಿ. ಒಗರು, ಹುಳಿ, ಆಮೇಲೆ ಬಾಟಲಿಯ ನೀರೆಲ್ಲ ಸಿಹಿ.

ನೆಲ್ಲಿ ಇಲ್ಲಿ ಬರೀ ಹಣ್ಣಲ್ಲ. ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಜೇನು, ಪಾಚಿ, ಸೀಗೆ, ಮಾಗಳಿ ಬೇರಿನ ಜೊತೆ ನೆಲ್ಲಿ ಮಾರಿಯೇ ಪೋಡುಗಳ ಸಂಸಾರ ನಡೆಯುತ್ತಿತ್ತು. ಕೊಯ್ಲಿಗೆ ಮುಂಚೆ ಈ ಸಲ ಯಾವ ಗುಡ್ಡದಲ್ಲಿ ಎಷ್ಟು ಕಾಯಿ ಬಿಟ್ಟಿದೆ ಎಂದು ಕೊಯ್ಯುವವರೇ ಅಂದಾಜು ಹಾಕುವುದು, ಎಷ್ಟು ಕಿತ್ತೆವು, ಎಷ್ಟು ಬಿಟ್ಟೆವು ಎಂದು ಕೂತು ಲೆಕ್ಕ ನೋಡುವುದು, ಹೀಗೊಂದು ಕ್ರಮವನ್ನು ಏಟ್ರಿಯ ಸಿದ್ದಪ್ಪ ಶೆಟ್ಟಿ ಮತ್ತು ಸಂಗಡಿಗರು ಪೋಡುಗಳ ಜೊತೆ ನಡೆಸಿದರು. 2008ರಲ್ಲಿ ಬಂದ ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಸಿ. ಮಾದೇಗೌಡರ ಹೆಸರಿದೆ. ಇದೇ ಬೆಟ್ಟದ ಸೋಲಿಗರು ಅವರು, ಮುಂದೆ ತಮ್ಮ ಸಮುದಾಯದಲ್ಲಿ ಮೊದಲ ಪಿಎಚ್.ಡಿ. ಪಡೆದವರು. ಜಾಡುಗಾರನ ಊರಿನವರು ಲೇಖಕರ ಸಾಲಿಗೆ ಬರಲು ಸ್ಯಾಂಡರ್ಸನ್ ಕಾಲದಿಂದ ನೂರಮೂವತ್ತು ವರ್ಷ ಹಿಡಿಯಿತು.

ವಿಪರ್ಯಾಸವೆಂದರೆ, ಲೆಕ್ಕ ಕೈಗೆ ಬರುವಷ್ಟರಲ್ಲಿ ಕಾಯಿ ಕೈತಪ್ಪಿತ್ತು. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಧಾಮದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದನ್ನು ನಿಲ್ಲಿಸಿದರು. 2011ರ ಜನವರಿಯಲ್ಲಿ ಇದು ಹುಲಿಧಾಮವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು, ಅರಣ್ಯ ಹಕ್ಕು ಕಾಯ್ದೆಯಡಿ, ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಧಾಮದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಆ ಅರ್ಜಿಗಳಿಗೆ ಬೇಕಾದ ಸಾಕ್ಷ್ಯದ ಕೆಲಸದಲ್ಲಿ ಅಳತೆಯ ವಿದ್ಯೆ ನೆರವಾಯಿತು: ಒಂದೊಂದು ಕುಲದ ಎಲ್ಲೆ, ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ಹಿರಿಯರು ನಡೆದು ತೋರಿಸಿದರು, ಕಿರಿಯರು ಜಿಪಿಎಸ್ ಹಿಡಿದು ನಕ್ಷೆಗಿಳಿಸಿದರು. ಸರ್ಕಾರದ ನಕ್ಷೆಯಲ್ಲಿ ಬರೀ ಹಸಿರು ಇದ್ದ ಕಡೆ ನೂರಾರು ಹೆಸರುಗಳು ಎದ್ದು ನಿಂತವು.

ಸಂಜೆಗೆ ಬೆಟ್ಟದ ಮೇಲಿನ ಊರಿಗೆ ಬರುತ್ತೀರಿ. ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದ ಮಕ್ಕಳು ಗುಂಪುಗುಂಪಾಗಿ ಹೊರಡುತ್ತಿದ್ದಾರೆ. 1981ರಲ್ಲಿ ಡಾ. ಎಚ್. ಸುದರ್ಶನ್ ಇಲ್ಲಿ ಕೇಂದ್ರ ತೆರೆದಾಗ ಬಂದದ್ದು ಔಷಧದ ಪೆಟ್ಟಿಗೆ ಹಿಡಿದು. ಶಾಲೆ ಅದರ ಬೆನ್ನಿಗೇ ಬಂತು. ಬೆಟ್ಟದಲ್ಲಿ ಅಕ್ಷರ ಬಲ್ಲವರ ಒಂದು ತಲೆಮಾರು ತಯಾರಾಗದೆ ಮೇಲೆ ಹೇಳಿದ ಯಾವ ಹಾಳೆಯೂ ತುಂಬುತ್ತಿರಲಿಲ್ಲ. ಆದರೆ ನಮ್ಮ ಹುಡುಗನನ್ನು ಕೇಳಿ ನೋಡಿ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಪರಾವಲಂಬಿ ಎಂಬ ಪಾಠ ಓದಿದ್ದನಂತೆ. ಅದು ತಾತ ಬೈಯುವ ಉಪ್ಪಿಲೇ ಎಂದು ಅವನಿಗೆ ಗೊತ್ತಾದದ್ದು ಹಗ್ಗ ಹಿಡಿದ ಮೇಲೆ.

ಅವನಿಗೆ ಇನ್ನೊಂದು ಸುದ್ದಿ ಹೇಳುವ ಆಸೆ. ಏಟ್ರಿಯ ಎ.ಪಿ. ರಂಜಿತ್ ಮತ್ತು ಪ್ರಿಯದರ್ಶನನ್ ಧರ್ಮರಾಜನ್ ಈ ಬೆಟ್ಟದಲ್ಲಿ ಸಿಕ್ಕ ಒಂದು ಕಣಜವನ್ನು 2022ರಲ್ಲಿ ಹೊಸ ಕುಲವೆಂದೇ ಗುರುತಿಸಿ 'ಸೋಲಿಗ' ಎಂದು ಹೆಸರಿಟ್ಟಿದ್ದಾರೆ. ಪೂರ್ತಿ ಹೆಸರು ಸೋಲಿಗ ಎಕಾರಿನೇಟ. ಹುಡುಗ ಅದನ್ನು ಫೋನಿನಲ್ಲಿ ತೋರಿಸುತ್ತಾನೆ. ತಾತ ಕಣ್ಣು ಕಿರಿದು ಮಾಡಿ ನೋಡಿ, 'ಕಚ್ಚದಾ?' ಎಂದು ಕೇಳುತ್ತಾರೆ.

ಮಾರನೆಯ ದಿನ ಕೊಳ್ಳೇಗಾಲದಿಂದ ಹನೂರಿನ ದಾರಿ. ಈ ಕಡೆಯ ಬೆಟ್ಟಗಳು ಬೋಳು, ಬಿಸಿಲು ಮೊನಚು. ಕೌದಳ್ಳಿ ದಾಟಿ, ತಾಳಬೆಟ್ಟದ ತಿರುವುಗಳಲ್ಲಿ ಬಸ್ಸು ಏದುಸಿರು ಬಿಡುತ್ತ ಮಲೆ ಮಹದೇಶ್ವರ ಬೆಟ್ಟ ಮುಟ್ಟುವಾಗ ಮಾದಪ್ಪನ ಪರಿಷೆಯ ಜನ ಉಘೇ ಎನ್ನುತ್ತಾರೆ. 2013ರಲ್ಲಿ ವನ್ಯಜೀವಿಧಾಮವಾದ ಈ 906 ಚದರ ಕಿಲೋಮೀಟರ್ ಕಾಡಿಗೂ ಲಂಟಾನ ನುಗ್ಗಿದೆ. ಹೂವಿನ ಚಂದಕ್ಕೆಂದು 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಅಮೆರಿಕದ ಗಿಡ, ಮಾದಪ್ಪನ ಏಳುಮಲೆಯವರೆಗೆ ನಡೆದು ಬಂದಿದೆ.

ಇಲ್ಲಿ ಏಟ್ರಿ ಸುಮಾರು ಎರಡು ದಶಕಗಳಿಂದ ಒಂದು ಕರಕುಶಲ ಕೇಂದ್ರದ ಬೆನ್ನಿಗಿದೆ. ಷೆಡ್ಡಿನೊಳಗೆ ಕಾಲಿಟ್ಟರೆ ಬೆಂದ ಕಡ್ಡಿಯ ಹಬೆ. ಉದ್ದನೆಯ ಡ್ರಮ್ಮಿನಲ್ಲಿ ಲಂಟಾನದ ಕಾಂಡಗಳು ಕುದಿಯುತ್ತಿವೆ. ಕುದ್ದ ಮೇಲೆ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಕಡ್ಡಿ ಹೇಳಿದ ಹಾಗೆ ಬಾಗುತ್ತದೆ. ಹೆಂಗಸೊಬ್ಬರು ಚಾಕುವಿನಲ್ಲಿ ಸಿಪ್ಪೆ ಎರೆಯುತ್ತಿದ್ದಾರೆ. ಗಂಡಸರು ಕುರ್ಚಿಯ ಕಾಲಿಗೆ ಅಡ್ಡಪಟ್ಟಿ ಬಿಗಿಯುತ್ತಿದ್ದಾರೆ. ಬಿದಿರು ಸಿಗದೆ ಕಸುಬು ಕಳೆದುಕೊಂಡ ಕೈಗಳಿಗೆ ಇದು ಕೆಲಸ. ಇಷ್ಟರಿಂದ ಕಾಡಿನ ಲಂಟಾನ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇವರು ಕಡಿಯುವುದಕ್ಕಿಂತ ವೇಗವಾಗಿ ಅದು ಚಿಗುರುತ್ತದೆ.

ಆ ಚಿಗುರಿನ ಬಗ್ಗೆಯೇ ಆ ಹೆಂಗಸಿನ ತಕರಾರು. ನೀವು ಬೆಟ್ಟದಿಂದ ಹಗ್ಗ ಹಿಡಿದು ಬಂದವರು ಎಂದು ಗೊತ್ತಾದದ್ದೇ ಚಾಕು ಕೆಳಗಿಟ್ಟರು.

'ಬುಡದ ಮಟ ಕಡುದ್ರೆ ಬಿರ್‍ನೆ ಬತ್ತದ. ಮೊಣಕಾಲುದ್ದ ಬುಟ್ಟು ಕಡುದ್ರೆ ನಿಧಾನ, ಆದ್ರೆ ನೆಟ್ಟಗೆ ಬರಾಕಿಲ್ಲ, ಕುರ್ಚಿಗೆ ಆಗಾಕಿಲ್ಲ. ಬಂಡೆ ಪಕ್ಕದ್ದು ಇನ್ನೂ ಬ್ಯಾರೆ. ಇದ ಯಾರಾರ ಬರ್ದವ್ರಾ?'

ನಿಮಗೆ ಗೊತ್ತಿಲ್ಲ. ಪಕ್ಕದಲ್ಲಿದ್ದ ಕೇಂದ್ರದ ಯುವಕ, ಬುಡಗಳಿಗೆ ಬಣ್ಣದ ಬಟ್ಟೆ ಕಟ್ಟಿ, ಮೂರು ಥರ ಕಡಿದು, ತಿಂಗಳಿಗೊಮ್ಮೆ ಅಳೆದರೆ ಒಂದು ವರ್ಷದಲ್ಲಿ ತಿಳಿಯುತ್ತದಲ್ಲ ಅಕ್ಕ ಎನ್ನುತ್ತಾನೆ. ಎಷ್ಟು ಬುಡ ಬೇಕು, ಬಂಡೆ ಪಕ್ಕದ್ದನ್ನು ಬೇರೆ ಗುಂಪು ಮಾಡಬೇಕೇ, ಕಡಿಯುವುದು ಮಳೆಗೆ ಮುಂಚೆಯೋ ಆಮೇಲೆಯೋ ಎಂದು ಇಬ್ಬರೂ ವಾದಕ್ಕೆ ಬೀಳುತ್ತಾರೆ. ಮಳೆಗೆ ಮುಂಚೆಯೂ ಒಂದು ಗುಂಪು, ಆಮೇಲೂ ಒಂದು ಗುಂಪು ಇರಲಿ ಎಂದು ಅಕ್ಕನೇ ತೀರ್ಮಾನ ಹೇಳುತ್ತಾರೆ. ಕುರ್ಚಿ ಕಟ್ಟುತ್ತಿದ್ದವರೂ ಕೈಬಿಟ್ಟು ಹತ್ತಿರ ಬರುತ್ತಾರೆ. ಯುವಕ ಬಿಲ್ಲಿನ ಹಿಂಬದಿಯಲ್ಲಿ ಗೆರೆ ಎಳೆದು ಮನೆ ಮಾಡಲು ಶುರುಮಾಡಿದ್ದಾನೆ.

'ಬಟ್ಟೆ ಚೂರು ನಾನೇ ಮನೆಯಿಂದ ತತ್ತೀನಿ,' ಎನ್ನುತ್ತಾರೆ ಅಕ್ಕ, ಚಾಕು ಮತ್ತೆ ಕೈಗೆತ್ತಿಕೊಂಡು. 'ಅಳ್ಯಾಕೆ ಹೋದ ದಿನದ ಕೂಲಿ ಯಾರ್ ಕೊಟ್ಟಾರು, ಅದ ಮೊದ್ಲು ಕೇಳ್ಕಂಡು ಬನ್ನಿ.'